ದಿನಕ್ಕೆ ಮೂವತ್ತು ಎಲೆ

ಮಂಗಳೂರು
20 ಫೆಬ್ರವರಿ 2024, ಮಂಗಳವಾರ

ಅತ್ತಿಗೆಗೆ ಶಿವಕೃಷ್ಣನ ನಮಸ್ಕಾರಗಳು.

ಮೂಡುಬಿದಿರೆಯ ಕಾಲೇಜಿನಲ್ಲಿ ಹದಿನೇಳು ವರ್ಷದಿಂದ ಮಕ್ಕಳಿಗೆ ಪತ್ರಲೇಖನ ಕಲಿಸುತ್ತಿದ್ದೇನೆ. ಸ್ವತಃ ಪತ್ರ ಬರೆಯುತ್ತಿರುವುದು ಬಹುಶಃ ಇದೇ ಮೊದಲು. ತಪ್ಪಿದ್ದರೆ ಅಂಕ ಕಳೆಯಿರಿ.

ಫೋನಿನಲ್ಲಿ ನಿಮ್ಮ ಕಿವಿಗೆ ‘ಗುಂಯ್’ ಬಿಟ್ಟು ಬೇರೇನೂ ಬೀಳುವುದಿಲ್ಲ. ವಾಟ್ಸ್ಯಾಪಿನಲ್ಲಿ ಬರೆದರೆ ನಿಮಗಿಂತ ಮೊದಲು ಅನ್ವಿತಾ ಓದುತ್ತಾಳೆ. ಮಗಳ ಪಿಯುಸಿ ಪರೀಕ್ಷೆ ಮುಗಿಯುವವರೆಗೆ ‘ಅಪ್ಪನಿಗೆ ಸ್ವಲ್ಪ ಬಿಸಿ ತಾಗಿದೆ’ ಎಂದಷ್ಟೇ ಅವಳಿಗೆ ಗೊತ್ತಿರಲಿ ಎಂದು ನಿನ್ನೆ ನೀವು ಈ ಆಸ್ಪತ್ರೆಯಿಂದ ಹೊರಡುವಾಗ ಮಾತಾಡಿಕೊಂಡೆವಲ್ಲ. ಆದ್ದರಿಂದ ಇನ್ನು ನಮ್ಮ ಅಂಚೆಯಣ್ಣ ಕನ್ಯಾನ ಬಸ್ಸಿನ ಕಂಡಕ್ಟರ್ ಉನೈಸ್. ಬೆಳಿಗ್ಗೆ ನಿಮ್ಮದನ್ನು ತರುತ್ತಾನೆ, ಸಂಜೆ ನನ್ನದನ್ನು ಒಯ್ಯುತ್ತಾನೆ. ಟಿಕೆಟ್ ಎಷ್ಟು ಎಂದು ಕೇಳಿದರೆ ‘ಪತ್ರಕ್ಕೆ ಅರ್ಧ ಟಿಕೆಟ್, ಶಿವಣ್ಣ’ ಎಂದ. ಈ ಜಿಲ್ಲೆಯಲ್ಲಿ ನನ್ನ ಹೊರತು ಇನ್ನೊಬ್ಬ ಹೀಗೆ ಮಾತಾಡುವವನು ಇದ್ದಾನೆಂದು ಸಮಾಧಾನ.

ಅಣ್ಣನ ಮೈ ಮೂವತ್ತೆಂಟು ಪರ್ಸೆಂಟ್ ಸುಟ್ಟಿದೆಯಂತೆ: ಎದೆ, ಹೊಟ್ಟೆ, ಬಲಗೈ, ಎರಡು ತೊಡೆಗಳ ಮುಂಭಾಗ ಒಂದಿಷ್ಟು. ನನ್ನ ಮಕ್ಕಳಿಗೆ ಪಾಸಾಗಲು ಮೂವತ್ತೈದು ಸಾಕು. ಇಲ್ಲಿ ಅಂಕ ಕಡಿಮೆ ಬಂದವನೇ ಬುದ್ಧಿವಂತ. ‘ಮದುವೆಯ ಊಟ ಎಲ್ಲ ಮುಗಿದ ಮೇಲೆ, ಎರಡು ಗಂಟೆಗೆ, ಪಾತ್ರೆ ತೊಳೆಯುವ ಬಿಸಿನೀರಿನ ಹಂಡೆ ಜಾರಿತು’ ಎಂದು ಅಣ್ಣ ತಾನೇ ಹೇಳಿದ. ಡಾಕ್ಟ್ರು ದೀಪಶ್ರೀ ಬರೆದುಕೊಂಡರು. ಗಾಯ ತೊಳೆಯುವಾಗ ಮಾತ್ರ ನರ್ಸ್ ಕಾಂತಿಗೆ ಬೆಂದ ಬೇಳೆ ನಾಲ್ಕೈದು ಸಿಕ್ಕಿತಂತೆ. ‘ಬಿಸಿನೀರಿನಲ್ಲಿ ಬೇಳೆ ಎಲ್ಲಿಂದ ಸರ್?’ ಎಂದಳು. ‘ಅಡುಗೆಯವನ ಬೆವರಿನಲ್ಲೂ ಬೇಳೆ ಇರುತ್ತದಮ್ಮ’ ಎಂದೆ.

ನಿಮ್ಮಿಂದ ಒಂದು ಕೆಲಸ ಆಗಬೇಕು. ಈ ವಾರ್ಡಿನಲ್ಲಿ ಗಾಯಕ್ಕೆ ಬಾಳೆಎಲೆ ಕಟ್ಟುತ್ತಾರೆ. ಬರೀ ಬಟ್ಟೆಯಾದರೆ ಗಾಯಕ್ಕೆ ಅಂಟಿ, ಬಿಡಿಸುವಾಗ ಹೊಸ ಚರ್ಮವನ್ನೂ ಎಳೆದುಕೊಂಡು ಬರುತ್ತದೆ. ಎಲೆ ಅಂಟುವುದಿಲ್ಲ, ತಂಪು ಕೂಡ. ಇವರು ಅದನ್ನು ಬಟ್ಟೆಗೆ ಅಂಟಿಸಿ, ಆವಿಯಲ್ಲಿ ಶುದ್ಧ ಮಾಡಿ ಕಟ್ಟುತ್ತಾರೆ. ಎಳೆಯದು, ಹರಿಯದ್ದು, ದಿನಕ್ಕೆ ಮೂವತ್ತು ಬೇಕು. ಮೂವತ್ತು ವರ್ಷ ಎಲೆಗೆ ಬಡಿಸಿದವನಿಗೆ ಈಗ ಎಲೆಯನ್ನೇ ಬಡಿಸುತ್ತಿದ್ದಾರೆ. ಅಣ್ಣನ ಮೈಮೇಲೆ ಪಟ್ಟಿ, ನನ್ನ ಕೈಯಲ್ಲಿ ಔಷಧಿ ಪಟ್ಟಿ.

ಹೆದರಬೇಡಿ.

ಶಿವಕೃಷ್ಣ

*

ಕನ್ಯಾನ
22-2-2024

ಚಿ. ಶಿವಕೃಷ್ಣನಿಗೆ ಅತ್ತಿಗೆಯ ಆಶೀರ್ವಾದ.

ಮೂವತ್ತು ಎಲೆ ಇಟ್ಟಿದ್ದೇನೆ. ಬಿಸಿಲು ಬರುವ ಮೊದಲೇ ಕೊಯ್ದೆ. ಗಾಳಿಗೆ ಹರಿದದ್ದನ್ನು ದನಕ್ಕೆ ಹಾಕಿದೆ. ಒಳಗಿನ ನಾಲ್ಕು ಎಲೆ ಮಡಚಿ ಹೋಗಿದ್ದರೆ ಅದು ಉನೈಸನ ತಪ್ಪು, ನನ್ನದಲ್ಲ.

ನಮ್ಮ ಮನೆಗೆ ಅಡುಗೆ ಹೇಳಲು ಬರುವವರು ಜನ ಎಷ್ಟು ಎಂದು ಹೇಳುವುದಿಲ್ಲ, ಇಷ್ಟು ಎಲೆ ಎಂದೇ ಹೇಳುವುದು. ನಾನು ಕತ್ತಿ ಹಿಡಿದು ಹೋಗುವುದನ್ನು ಕಂಡು ಆಚೆ ಮನೆ ಪದ್ಮಾಕ್ಷಿ ‘ಎಷ್ಟು ಎಲೆಯ ಕಾರ್ಯಕ್ರಮ?’ ಎಂದು ಕೇಳಿದಳು. ಮೂವತ್ತು ಎಂದೆ. ‘ಸಣ್ಣದು’ ಎಂದಳು. ಹೌದು ಎಂದೆ.

ವೇಣೂರಿನ ಮದುವೆ ಮನೆಯ ಯಜಮಾನರು ನಿನ್ನೆ ಬಂದಿದ್ದರು. ಹೀಗಾಯಿತಲ್ಲ ಎಂದು ಬೇಸರ ಮಾಡಿಕೊಂಡರು. ಊಟ ಚೆನ್ನಾಗಿತ್ತಂತೆ. ಪಾಯಸವನ್ನು ಗಂಡಿನ ಕಡೆಯವರು ಮೂರು ಮೂರು ಸಲ ಹಾಕಿಸಿಕೊಂಡರಂತೆ.

ನಿನ್ನ ಅಣ್ಣ ಆ ದಿನದ ವಿಷಯ ಏನಾದರೂ ಮಾತಾಡಿದರೆ ಡಾಕ್ಟ್ರಿಗೆ ಹೇಳುವ ಮೊದಲು ನನಗೆ ಬರೆ. ನೋವಿನ ಔಷಧಿಯಲ್ಲಿ ಮನುಷ್ಯ ಏನೇನೋ ಮಾತಾಡುತ್ತಾನೆ.

ನೀನು ಊಟ ಮಾಡು.

ಪರಮೇಶ್ವರಿ

*

ಮಂಗಳೂರು
24 ಫೆಬ್ರವರಿ, ಶನಿವಾರ

ಅತ್ತಿಗೆಗೆ ನಮಸ್ಕಾರ.

ಎಲೆಗಳಿಗೆ ವಾರ್ಡಿನಲ್ಲಿ ಪ್ರಥಮ ದರ್ಜೆ. ಕಾಂತಿ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ, ‘ಇವರು ಎಲೆ ಕೊಯ್ಯುವುದಲ್ಲ ಸರ್, ಆರಿಸುವುದು’ ಎಂದಳು.

ಅಣ್ಣನ ಕಿಡ್ನಿ ಸ್ವಲ್ಪ ಮುನಿಸಿಕೊಂಡಿದೆ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿ, ಆಮೇಲೆ ಬರುವುದೇ ಕಡಿಮೆಯಾಯಿತು. ನಿನ್ನೆಯಿಂದ ಯಂತ್ರ ಇಟ್ಟು ರಕ್ತ ಶುದ್ಧ ಮಾಡುತ್ತಿದ್ದಾರೆ. ಕಿಡ್ನಿಗೆ ‘ಮೂತ್ರಪಿಂಡ’ ಎಂದು ಹೆಸರಿಟ್ಟ ಪಂಡಿತ ಯಾರೋ, ಆ ಶಬ್ದದ ಉತ್ತರಾರ್ಧ ನನಗೆ ಹಿಡಿಸುವುದಿಲ್ಲ.

ಹೊರಗೆ ಕುಳಿತು ಕುಳಿತು ನಾನೀಗ ಅರ್ಧ ಡಾಕ್ಟ್ರು. ಕೇಳಿ, ಪಾಠ ಮಾಡುತ್ತೇನೆ. ಸುಟ್ಟ ಮೈ ಎಂದರೆ ಒಡೆದ ಕೊಡ. ಒಳಗಿನ ನೀರೆಲ್ಲ ಸೋರುತ್ತದೆ. ಅದಕ್ಕೆ ತೂಕ ಎಷ್ಟು, ಸುಟ್ಟದ್ದು ಎಷ್ಟು ಎಂದು ಗುಣಿಸಿ ಡ್ರಿಪ್ ಏರಿಸುತ್ತಾರೆ. ಅಣ್ಣನಿಗೆ ಹತ್ತು ಲೀಟರ್ ಹತ್ತಿರ. ಅದರಲ್ಲಿ ಅರ್ಧ ಮೊದಲ ಎಂಟು ಗಂಟೆಯೊಳಗೆ ಹೋಗಬೇಕು. ಇಲ್ಲಿ ಒಂದು ತಮಾಷೆ ಉಂಟು: ಆ ಎಂಟು ಗಂಟೆ ಶುರುವಾಗುವುದು ಆಸ್ಪತ್ರೆಗೆ ಬಂದಾಗ ಅಲ್ಲ, ಸುಟ್ಟ ಕ್ಷಣದಿಂದ. ನಾಲ್ಕೂವರೆಗೆ ಬಂದವನು ಎರಡಕ್ಕೆ ಸುಟ್ಟದ್ದು ಎಂದರೆ ಐದು ಲೀಟರಿಗೆ ಇನ್ನೂ ಐದೂವರೆ ಗಂಟೆ ಸಮಯ ಉಂಟು ಎಂದು ಲೆಕ್ಕ.

ಹಾಗೆಯೇ ಕೊಟ್ಟದ್ದು. ಆದರೂ ಡಾಕ್ಟ್ರು ತಲೆ ಕೆರೆದುಕೊಳ್ಳುತ್ತಿದ್ದಾರೆ. ‘ಎರಡೂವರೆ ಗಂಟೆಯಲ್ಲಿ ಮನುಷ್ಯ ಇಷ್ಟು ಒಣಗಿ ಬರಬಾರದಿತ್ತು’ ಎನ್ನುತ್ತಾರೆ. ನಮ್ಮ ಅಣ್ಣ ಹುಟ್ಟಿನಿಂದಲೇ ಒಣಕಲು ಎಂದು ನಾನು ತಿಳಿಸಿದ್ದೇನೆ.

ಎಲೆ ಮೂವತ್ತೇ ಇರಲಿ.

ಶಿವಕೃಷ್ಣ

*

ಮಂಗಳೂರು
27 ಫೆಬ್ರವರಿ

ಅತ್ತಿಗೆ,

ಮೂರು ದಿನದಿಂದ ಎಲೆ ಬರುತ್ತಿದೆ, ಓಲೆ ಬರುತ್ತಿಲ್ಲ. ಮೂವತ್ತು ಕೇಳಿದರೆ ಐವತ್ತು ಬರುತ್ತಿದೆ. ಇವತ್ತು ಕಾಂತಿಯೂ ನಾನೂ ಒಂದೊಂದೇ ಎಲೆ ಬಿಡಿಸಿ ಹುಡುಕಿದೆವು. ಉನೈಸನಲ್ಲಿ ಕೇಳಿದರೆ ‘ಅಮ್ಮ ಕಟ್ಟು ಕೊಟ್ಟು ಬಸ್ಸು ತಿರುಗುವವರೆಗೂ ಅಲ್ಲೇ ನಿಲ್ತಾರೆ ಶಿವಣ್ಣ, ಏನೂ ಹೇಳುವುದಿಲ್ಲ’ ಎನ್ನುತ್ತಾನೆ.

ನನ್ನ ಶ್ಲೇಷೆಗಳು ಅಷ್ಟು ಕೆಟ್ಟದಾಗಿದ್ದವೇ? ಹುಷಾರಾಗಿದ್ದೀರಾ? ಒಂದು ಗೆರೆ ಬರೆಯಿರಿ.

ಶಿವ

*

ಕನ್ಯಾನ
28-2-2024

ಶಿವಕೃಷ್ಣ,

ಎರಡು ಗಂಟೆಗೆ ಅಲ್ಲ. ಹತ್ತೂವರೆಗೆ.

ಬಿಸಿನೀರು ಅಲ್ಲ, ಪಾಯಸ. ಕಡಲೆಬೇಳೆ ಪಾಯಸದ ಕೊಪ್ಪರಿಗೆಯನ್ನು ಹಿಡಿಕೆಯ ಬಳೆಗೆ ಕೋಲು ಹಾಕಿ ಇಬ್ಬರು ಒಲೆಯಿಂದ ಇಳಿಸುತ್ತಿದ್ದರು. ಮುಂದೆ ನಿನ್ನ ಅಣ್ಣ. ಒಂದು ಬಳೆ ಕಳಚಿತು. ಅರ್ಧ ಅವರ ಮೇಲೆ ಬಿತ್ತು. ಬೆಲ್ಲ ನೀರಿನ ಹಾಗೆ ಹರಿದು ಹೋಗುವುದಿಲ್ಲ, ನಿನಗೆ ಗೊತ್ತುಂಟಲ್ಲ, ಹಿಡಿದುಕೊಳ್ಳುತ್ತದೆ. ಅವರು ಕೂಗಲಿಲ್ಲ. ‘ಬೆಂಕಿ ತೆಗೆ, ಉಳಿದದ್ದು ಅಡಿ ಹಿಡಿಯುತ್ತದೆ’ ಎಂದರು.

ಉಗ್ರಾಣದಲ್ಲಿ ಮಲಗಿಸಿ ತೆಂಗಿನೆಣ್ಣೆ ಸುರಿದು, ಎಲೆ ಮುಚ್ಚಿದೆ. ನಿಮ್ಮ ಡಾಕ್ಟ್ರು ಮಾಡುವ ಕೆಲಸವನ್ನು ನಾನೂ ಮಾಡಿದ್ದೇನೆ. ವ್ಯಾನಿನವನನ್ನು ಕರೆಯುತ್ತೇನೆ ಎಂದರೆ ಅವರೇ ಬೇಡ ಎಂದರು. ಎಂಟುನೂರು ಎಲೆಯ ಮದುವೆ. ಕೊಪ್ಪರಿಗೆಯಲ್ಲಿ ಉಳಿದ ಅರ್ಧಕ್ಕೆ ಬಿಸಿನೀರು, ಬೆಲ್ಲ, ಕಾಯಿಹಾಲು ಹೊಡೆದು ನಾನು ಪೂರ್ತಿ ಮಾಡಿದೆ. ಅಡುಗೆಯವನು ಬಿದ್ದ ಪಾಯಸವನ್ನು ಬಡಿಸಿದರು ಎಂದು ಗೊತ್ತಾದರೆ ಮುಂದೆ ಯಾರು ನಮ್ಮನ್ನು ಒಲೆ ಹತ್ತಿರ ಸೇರಿಸುತ್ತಾರೆ? ಅದಕ್ಕೆ ಊಟ ಮುಗಿದ ಮೇಲೆ ಆದದ್ದು ಎಂದು ಹೇಳಬೇಕು ಎಂದು ಆಗಲೇ ನಿಶ್ಚಯ ಮಾಡಿದೆವು. ವ್ಯಾನಿನಲ್ಲಿ ಮೂರು ಸಲ ಹೇಳಿಸಿದೆ. ಎರಡು ಗಂಟೆ, ಬಿಸಿನೀರು. ಎರಡು ಗಂಟೆ, ಬಿಸಿನೀರು.

ಇಷ್ಟು ಮಾತ್ರ ಆಗಿದ್ದರೆ ಮೂರು ದಿನ ಬರೆಯದೆ ಇರುತ್ತಿರಲಿಲ್ಲ.

ಹನ್ನೆರಡು ಗಂಟೆಗೆ, ಮೊದಲ ಪಂಕ್ತಿಗೆ ಎಲೆ ಹಾಕುವಾಗ, ತುಪ್ಪ ತೆಗೆಯಲು ಉಗ್ರಾಣಕ್ಕೆ ಹೋದೆ. ಅವರು ಕಣ್ಣು ಬಿಟ್ಟು ‘ಪರಮೇಶ್ವರೀ, ಹೋಗುವ’ ಎಂದರು, ಆಸ್ಪತ್ರೆಗೆ. ನನಗೆ ಕಿವಿ ಕೇಳುವುದಿಲ್ಲ ಎಂದು ಊರಿಗೇ ಗೊತ್ತು. ಅವರಿಗೂ ಗೊತ್ತು. ನಾನು ತುಪ್ಪದ ಡಬ್ಬ ತೆಗೆದುಕೊಂಡು ಹೊರಗೆ ಬಂದೆ.

ನನಗೆ ಕೇಳಿತ್ತು ಶಿವಕೃಷ್ಣ.

ಡಾಕ್ಟ್ರಿಗೆ ಹೇಳು. ಅವರು ಏನು ಹೇಳುತ್ತಾರೋ ಅದನ್ನು ಹಾಗೆಯೇ ನನಗೆ ಬರೆ.

ಪರಮೇಶ್ವರಿ

*

ಮಂಗಳೂರು
29 ಫೆಬ್ರವರಿ

ಅತ್ತಿಗೆಗೆ ನಮಸ್ಕಾರ.

ಪತ್ರ ತಲುಪಿತು. ಡಾಕ್ಟ್ರಿಗೆ ತಿಳಿಸಿದೆ. ಅವರು ಕೇಸ್ ಶೀಟಿನಲ್ಲಿ ಸಮಯ ತಿದ್ದಿ ಸಹಿ ಹಾಕಿದರು. ಇದರಿಂದ ಚಿಕಿತ್ಸೆಯಲ್ಲಿ ಯಾವ ವ್ಯತ್ಯಾಸವೂ ಆಗುತ್ತಿರಲಿಲ್ಲ ಎಂದು ಹೇಳಿದರು. ಗಡಿಯಾರ ನೋಡಿ ಮಾತ್ರ ನೀರು ಕೊಡುವುದಿಲ್ಲ, ರೋಗಿಯನ್ನೂ ನೋಡಿ ಕೊಡುತ್ತಾರೆ. ಆದ್ದರಿಂದ ತಾವು ಮನಸ್ಸಿಗೆ ಹಚ್ಚಿಕೊಳ್ಳುವ ಅಗತ್ಯವಿಲ್ಲ.

ಅಣ್ಣ ಚೇತರಿಸಿಕೊಳ್ಳುತ್ತಿದ್ದಾನೆ. ನಾಳೆಯಿಂದ ಇಪ್ಪತ್ತು ಎಲೆ ಸಾಕು.

ಶಿವಕೃಷ್ಣ

*

ಕನ್ಯಾನ
5-3-2024

ಚಿ. ಶಿವಕೃಷ್ಣನಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಎಷ್ಟು ಸಲ ಓದಿದೆ ಎಂದು ಗೊತ್ತಿಲ್ಲ. ಅದರಲ್ಲಿ ತಮಾಷೆ ಒಂದೂ ಇಲ್ಲ. ನೀನು ನನ್ನನ್ನು ‘ತಾವು’ ಎಂದು ಬರೆದದ್ದು ಇದೇ ಮೊದಲು. ನಾನು ಈ ಮನೆಗೆ ಬರುವಾಗ ಹೈಸ್ಕೂಲಿಗೆ ಹೋಗುತ್ತಿದ್ದಿ. ತುತ್ತಿಗೊಂದು ಚೇಷ್ಟೆ ಮಾಡದೆ ಉಂಡವನಲ್ಲ. ಬಚ್ಚಲಲ್ಲಿ ಜಾರಿ ಕೈ ಮುರಿದಾಗಲೂ ಏನೋ ಹೇಳಿ ನಗಿಸಿದವನು.

ಆದರೆ ಇಪ್ಪತ್ತು ಎಲೆ ಎಂದದ್ದು ಓದಿ ಜೀವ ಬಂತು. ಮೂವತ್ತರಿಂದ ಇಪ್ಪತ್ತಕ್ಕೆ ಬಂದರೆ ಗಾಯ ಮೂರನೇ ಒಂದು ಪಾಲು ಮುಚ್ಚಿದ ಹಾಗೆ. ಜನ ಉಂಡು ಎದ್ದ ಹಾಗೆ ಎಲೆ ಕಡಿಮೆಯಾಗುತ್ತಾ ಬರುವುದು. ಈ ಲೆಕ್ಕದಲ್ಲಿ ತಿಂಗಳ ಕೊನೆಗೆ ಎಲೆ ಸಾಕು ಎನ್ನುತ್ತಾರೆ, ಅಲ್ಲವಾ? ಏಪ್ರಿಲ್‌ನಲ್ಲಿ ವಿಟ್ಲದ ಒಂದು ಉಪನಯನ ಒಪ್ಪಿಕೊಂಡಿದ್ದೇನೆ. ನಿನ್ನ ಅಣ್ಣ ಕುರ್ಚಿಯಲ್ಲಿ ಕುಳಿತು ಹೇಳಿದರೆ ಸಾಕು, ಕೈ ನಾನು ಆಗುತ್ತೇನೆ. ಕೊಪ್ಪರಿಗೆಯ ಬಳೆಗಳನ್ನು ಆಚಾರಿಯ ಹತ್ತಿರ ಕೊಟ್ಟು ಹೊಸದು ಹಾಕಿಸಿದೆ.

ಅನ್ವಿತಾ ಎರಡು ಪರೀಕ್ಷೆ ಬರೆದಳು. ‘ಅಮ್ಮ, ಇಷ್ಟು ಎಲೆ ಎಲ್ಲಿಗೆ?’ ಎಂದಳು. ಮಂಗಳೂರಿನ ಹೋಟೆಲಿಗೆ ಎಂದೆ.

ಅವರು ನನ್ನನ್ನು ಕೇಳುತ್ತಾರಾ?

ಪರಮೇಶ್ವರಿ

*

ಮಂಗಳೂರು
9 ಮಾರ್ಚ್, ಶನಿವಾರ

ಅತ್ತಿಗೆಗೆ ಸಾಷ್ಟಾಂಗ ನಮಸ್ಕಾರ. ತಮಾಷೆ ಬಾಕಿ ಇಟ್ಟದ್ದಕ್ಕೆ ದಂಡ ಸಮೇತ ಕೊಡುತ್ತಿದ್ದೇನೆ.

ಮೊನ್ನೆ ಅಣ್ಣನಿಗೆ ಚರ್ಮ ನೆಟ್ಟರು. ತೊಡೆಯ ಸುಡದ ಬದಿಯಿಂದ ಕಾಗದದಷ್ಟು ತೆಳ್ಳಗೆ ತೆಗೆದು, ಯಂತ್ರದಲ್ಲಿ ಹಾಯಿಸಿ, ಮೀನಿನ ಬಲೆಯ ಹಾಗೆ ಹಿಗ್ಗಿಸಿ, ಎದೆಗೆ ಹೊದಿಸುತ್ತಾರೆ. ತೊಡೆಯದ್ದನ್ನು ಎದೆಗೆ ತೊಡಿಸಿದರು ಎಂದರೆ ಅನುಪ್ರಾಸ, ವಿದ್ಯಾರ್ಥಿಗಳಿಗೆ ಎರಡು ಅಂಕ. ಬಲೆಯ ಕಣ್ಣುಗಳಲ್ಲಿ ಹೊಸ ಚರ್ಮ ತಾನಾಗಿ ತುಂಬಿಕೊಳ್ಳಬೇಕು. ಭತ್ತದ ನೇಜಿ ನೆಟ್ಟ ಗದ್ದೆಯ ಹಾಗೆ. ಬೇರು ಹಿಡಿಯಿತೋ ಎಂದು ಐದನೇ ದಿನ ನೋಡುತ್ತಾರೆ.

ನಿಮ್ಮನ್ನು ಕೇಳುತ್ತಾನೆ. ‘ಅವಳು ಉಂಡಳಾ’ ಎಂದು ಕೇಳಿದ. ಔಷಧಿಯ ನಿದ್ರೆ ಹೆಚ್ಚು. ನನ್ನ ಮಧ್ಯಾಹ್ನದ ತರಗತಿಗೂ ಇಷ್ಟು ಶಕ್ತಿ ಇಲ್ಲ.

ಎಲೆ ಹತ್ತು ಸಾಕು.

ಶಿವಕೃಷ್ಣ

*

ಕನ್ಯಾನ
12-3-2024

ಶಿವಕೃಷ್ಣ,

ಹತ್ತು ಎಲೆ ಕೊಯ್ಯಲು ಎಷ್ಟು ಹೊತ್ತು ಬೇಕು? ಕತ್ತಿ ತೆಗೆಯುವ ಮೊದಲೇ ಮುಗಿಯಿತು. ಬಾಳೆಬುಡದಲ್ಲಿ ಸುಮ್ಮನೆ ಕುಳಿತೆ. ಪದ್ಮಾಕ್ಷಿ ಇಣುಕಿ, ‘ಇವತ್ತು ಎಷ್ಟು ಎಲೆ ಅಕ್ಕ?’ ಎಂದಳು. ಹತ್ತು ಎಂದೆ. ನಾನು ನಗುತ್ತಿದ್ದದ್ದು ಕಂಡು ಅವಳೂ ನಕ್ಕಳು.

ಅನ್ವಿತಾಳ ಪರೀಕ್ಷೆ 22ಕ್ಕೆ ಮುಗಿಯುತ್ತದೆ. 23ಕ್ಕೆ ಬೆಳಿಗ್ಗಿನ ಬಸ್ಸಿಗೆ ಇಬ್ಬರೂ ಬರುತ್ತೇವೆ. ಅವರಿಗೆ ನನ್ನ ಬಾಯಿಯಿಂದಲೇ ಹೇಳಬೇಕಾದ ಒಂದು ಮಾತು ಉಂಟು. ಅದು ಕಾಗದದಲ್ಲಿ ಹೇಳುವುದಲ್ಲ.

ಪರಮೇಶ್ವರಿ

*

ಮಂಗಳೂರು
12 ಮಾರ್ಚ್, ಸಂಜೆ

ಅತ್ತಿಗೆ,

ನಾಳೆಯೇ ಬನ್ನಿ. 23ರವರೆಗೆ ಕಾಯಬೇಡಿ. ಅನ್ವಿತಾಳನ್ನು ಪದ್ಮಾಕ್ಷಿಯವರ ಮನೆಯಲ್ಲಿ ಬಿಡಿ.

ಎಲೆ ಕಡಿಮೆ ಮಾಡಿದ್ದು ಗಾಯ ಮುಚ್ಚಿದ್ದಕ್ಕಲ್ಲ. ನೀವು ಹಾಗೆ ತಿಳಿದುಕೊಂಡಿರಿ, ನಾನು ತಿದ್ದಲಿಲ್ಲ. ಫೆಬ್ರವರಿ ಕೊನೆಗೇ ಗಾಯ ಹಸಿರು ಬಣ್ಣಕ್ಕೆ ತಿರುಗಿ ಕೀವಾಗಿತ್ತು. ಆ ಜಾಗಕ್ಕೆ ಎಲೆ ಆಗುವುದಿಲ್ಲ, ಬೆಳ್ಳಿಯ ಅಂಶದ ಬೇರೆ ಪಟ್ಟಿ ಕಟ್ಟಬೇಕು. ಹಾಗಾಗಿ ಮೂವತ್ತು ಇಪ್ಪತ್ತಾಯಿತು. ಈಗ ಬರುವ ಹತ್ತು ತೊಡೆಯಿಂದ ಚರ್ಮ ತೆಗೆದ ಜಾಗಕ್ಕೆ ಮಾತ್ರ. ನೀವು ಹೆಚ್ಚು ಕಳಿಸಿದ್ದನ್ನೆಲ್ಲ ಪಕ್ಕದ ಹಾಸಿಗೆಯ ಕಲ್ಲಡ್ಕದ ರುಖಿಯಮ್ಮನಿಗೆ ಕಟ್ಟಿದರು. ಅವರು ಗುಣವಾಗುತ್ತಿದ್ದಾರೆ.

ಇವತ್ತು ಪಟ್ಟಿ ಬಿಚ್ಚಿದರು. ನೆಟ್ಟದ್ದು ಹಿಡಿಯಲಿಲ್ಲ. ಪಟ್ಟಿಯ ಜೊತೆಗೆ ಬಂತು. ವಿಷ ರಕ್ತಕ್ಕೆ ಹೋಗಿದೆ ಎಂದರು.

‘ಅವಳು ಉಂಡಳಾ’ ಎಂದು ಕೇಳಿದ್ದು ಮಾತ್ರ ನಿಜ.

ನಾಳೆ ಎಲೆ ಬೇಡ. ಉನೈಸನಿಗೆ ಹೇಳಿದ್ದೇನೆ, ಮುಂದಿನ ಸೀಟು ಇಡುತ್ತಾನೆ.

ಶಿವ

*

ಕನ್ಯಾನ
28-3-2024

ಚಿ. ಶಿವಕೃಷ್ಣನಿಗೆ ಆಶೀರ್ವಾದ.

ಹದಿಮೂರನೇ ದಿನದ ಊಟ ಮುಗಿಸಿ ನೀನು ಮೂಡುಬಿದಿರೆಗೆ ಹೊರಟ ಮೇಲೆ ಮನೆ ಖಾಲಿಯಾಯಿತು. ಇದನ್ನು ಅಂಚೆಗೆ ಹಾಕುತ್ತಿದ್ದೇನೆ. ನಿನ್ನ ಕಡೆಗೆ ಉನೈಸನ ಬಸ್ಸಿಲ್ಲ.

ಅನ್ವಿತಾ ಉಳಿದ ಪರೀಕ್ಷೆಗಳಿಗೂ ಹೋದಳಲ್ಲ. ಮೊನ್ನೆ ಪಾತ್ರೆ ಒಳಗಿಡುವಾಗ ‘ಅಮ್ಮ, ನಿಮಗೆ ಮೊದಲೇ ಗೊತ್ತಿತ್ತಾ?’ ಎಂದು ಕೇಳಿದಳು. ಮೆಲ್ಲಗೆ ಕೇಳಿದ್ದು. ಕೇಳದ ಹಾಗೆ ಮಾಡಲು ಈ ಸಲ ನನ್ನಿಂದ ಆಗಲಿಲ್ಲ. ಎಲ್ಲ ಹೇಳಿದೆ. ಆಮೇಲೆ ಅವಳು ನನ್ನ ಹತ್ತಿರ ಮಲಗುತ್ತಿಲ್ಲ.

ವೇಣೂರಿನ ಯಜಮಾನರು ಉಣ್ಣಲು ಕುಳಿತದ್ದನ್ನು ನೀನು ನೋಡಿದೆ. ಪಾಯಸ ನಾನೇ ಬಡಿಸಿದೆ. ‘ಆ ದಿನದ್ದು ಇದಕ್ಕಿಂತ ಒಂದು ಕೈ ಮೇಲೆ’ ಎಂದರು. ‘ಆ ದಿನದ್ದರಲ್ಲಿ ಅವರ ಮೈಯೇ ಇತ್ತು’ ಎಂದೆ. ಅರ್ಥವಾಗಲಿಲ್ಲ, ನಕ್ಕರು. ಎಲೆಯ ಎದುರು ಕುಳಿತವರನ್ನು ಎಬ್ಬಿಸಬಾರದು ಎಂದು ಸುಮ್ಮನಾದೆ. ಕೈ ತೊಳೆದು ಬಂದ ಮೇಲೆ ಜಗಲಿಯಲ್ಲಿ ಎಲ್ಲವನ್ನೂ ಹೇಳಿದೆ. ಜಗಲಿಯಿಂದ ಇಳಿದು ಹೋದರು. ಉಪನಯನದವರು ಇವತ್ತು ಬೇರೆಯವರನ್ನು ಹೇಳಿದ್ದೇವೆ ಎಂದು ತಿಳಿಸಿದರು. ಆಗಲಿ.

ಎಲೆ ಇನ್ನೂ ಕಳಿಸುತ್ತಿದ್ದೇನೆ, ದಿನಕ್ಕೆ ಮೂವತ್ತು. ರುಖಿಯಮ್ಮ ಮನೆಗೆ ಹೋದರಂತೆ. ಆ ಹಾಸಿಗೆಗೆ ಬೇರೆ ಯಾರೋ ಬಂದಿದ್ದಾರಂತೆ.

ಈಗ ನಿನ್ನಲ್ಲಿ ಎರಡು ಪ್ರಶ್ನೆ. ಆಯ್ಕೆ ಇಲ್ಲ, ಎರಡಕ್ಕೂ ಬರೆಯಬೇಕು.

ಒಂದು. ಸಮಯ ತಿದ್ದಿದ ದಿನ ಡಾಕ್ಟ್ರು ನಿಜವಾಗಿ ಏನು ಹೇಳಿದರು?

ಎರಡು. ಆ ಗುರುವಾರ ಬೆಳಿಗ್ಗೆ ಹಸಿರು ಅಂಗಿ ಹಾಕಿಸಿ ನನ್ನನ್ನು ಒಳಗೆ ಬಿಟ್ಟರಲ್ಲ. ಹೇಳಬೇಕಾದದ್ದನ್ನು ನಿನ್ನ ಅಣ್ಣನ ಕಿವಿಯಲ್ಲಿ ಹೇಳಿದೆ. ಅವರು ಕಣ್ಣು ಬಿಟ್ಟು, ನನ್ನನ್ನು ನೋಡಿ, ಮಾಸ್ಕಿನ ಒಳಗೆ ಏನೋ ಹೇಳಿದರು. ಈ ಸಲ ನನಗೆ ನಿಜವಾಗಿ ಕೇಳಲಿಲ್ಲ. ನೀನು ಆಚೆ ಬದಿಯಲ್ಲಿ ನಿಂತಿದ್ದಿ. ‘ನೀರು ಕೇಳಿದ’ ಎಂದಿ. ನೀರು ಕೇಳುವಾಗ ಅವರ ಬಾಯಿ ಹೇಗಿರುತ್ತದೆ ಎಂದು ಇಪ್ಪತ್ತೇಳು ವರ್ಷ ನೋಡಿದ್ದೇನೆ.

ಏನು ಹೇಳಿದರು?

ಪರಮೇಶ್ವರಿ

*

ಮೂಡುಬಿದಿರೆ
2 ಏಪ್ರಿಲ್ 2024

ಅತ್ತಿಗೆಗೆ,

ಮೊದಲನೆಯದು. ಡಾಕ್ಟ್ರು ಹೇಳಿದ್ದು ಇದು: ‘ಆ ಸಂಜೆಯೇ ಗೊತ್ತಿದ್ದರೆ ಐದು ಲೀಟರನ್ನು ಐದೂವರೆ ಗಂಟೆಯಲ್ಲಿ ಅಲ್ಲ, ಎರಡೇ ಗಂಟೆಯಲ್ಲಿ ಏರಿಸುತ್ತಿದ್ದೆ. ಮೂತ್ರ ನೋಡಿ ಹೆಚ್ಚಿಸಿದೆವು, ಆದರೆ ತಡವಾಗಿತ್ತು. ಕಿಡ್ನಿ ಉಳಿಯುತ್ತಿತ್ತು ಅನಿಸುತ್ತದೆ. ಮನುಷ್ಯ ಉಳಿಯುತ್ತಿದ್ದರೋ, ನಾನು ಹೇಳಲಾರೆ.’ ಒಂದಕ್ಷರ ಸೇರಿಸಿಲ್ಲ, ಕಳೆದಿಲ್ಲ.

ಎರಡನೆಯದನ್ನು ಬರೆಯಲು ಮೂರು ಹಾಳೆ ಹರಿದೆ. ನೀರು ಕೇಳಲಿಲ್ಲ. ನಿಮ್ಮ ಹೆಸರು ಹೇಳಿದ. ಆಮೇಲೆ,

‘ಹೋಗುವ’ ಎಂದ.

ಶಿವಕೃಷ್ಣ